ಮೂರೂ ಓಣಿ ನಮ್ಮವ

ಸವಳಹಾಳ (ಕಿತ್ತೂರ ಹತ್ತಿರ)
4-10-1999

ಪ್ರಿಯ ಪರಶು,

ರಾಮದುರ್ಗದ ನೀರು ಕುಡಿದವನು ಊರು ಮರೆತ ಎಂದು ಇಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ. ನಾನೊಬ್ಬನೇ ನಿನ್ನ ವಕೀಲ. ನೂಲಿಗೆ ಬಣ್ಣ ಹಾಕುವವನಿಗೆ ಕೈ ತೊಳೆದುಕೊಳ್ಳಲಿಕ್ಕೇ ಅರ್ಧ ದಿನ ಬೇಕು, ಕಾಗದ ಯಾವಾಗ ಬರೆದಾನು ಎಂದು ವಾದ ಮಾಡುತ್ತೇನೆ. ನಿನ್ನ ಅಪ್ಪ ಸತ್ಯಪ್ಪಜ್ಜನಿಗೆ ಬರೆದ ಕಾಗದದ ತುದಿಗೆ ನನಗೆಂದು ಎರಡು ಸಾಲು ಇದ್ದವಲ್ಲ, ಅಷ್ಟಕ್ಕೇ ಸಮಾಧಾನ ಮಾಡಿಕೊಂಡಿದ್ದೇನೆ. ಕಾಗದವನ್ನು ಸತ್ಯಪ್ಪಜ್ಜನಿಗೆ ಓದಿ ಹೇಳಿದೆ. ಎಂದಿನ ಹಾಗೆ ನಮ್ಮ ಕಿರಾಣಿ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತು, ಕಣ್ಣು ಮುಚ್ಚಿಕೊಂಡು ಕೇಳಿದ. ನಿಮ್ಮ ಅಕ್ಕ ಸೀತವ್ವ ಪಕ್ಕದಲ್ಲಿ ನಿಂತಿದ್ದಳು. ನೀನು ಕಳಿಸಿದ ಸೀರೆಯ ಬಣ್ಣ ಹೋಗುತ್ತದೆ ಎಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ, ನನ್ನ ಮೇಲೆ ಸಿಟ್ಟಾಗಬೇಡ.

ಊರಿನ ದೊಡ್ಡ ಸುದ್ದಿ ಎಂದರೆ ಗ್ರಾಮ ಪಂಚಾಯತಿಯ ವಾರ್ಡುಗಳನ್ನು ಹೊಸದಾಗಿ ಮಾಡುತ್ತಿದ್ದಾರೆ. ಹೊಸ ವರ್ಷದಲ್ಲಿ ಚುನಾವಣೆ. ತಾಲೂಕಿನಿಂದ ಒಬ್ಬ ಗುಮಾಸ್ತ ನಕ್ಷೆ ಹಿಡಿದುಕೊಂಡು ಬಂದಿದ್ದ. ಯಾವ ಮನೆ ಯಾವ ಓಣಿಗೆ ಸೇರಿದ್ದು ಎಂದು ಗೊತ್ತಾಗದೆ ಆ ಪುಣ್ಯಾತ್ಮ ಬೆವರುತ್ತಿದ್ದ. ನಮ್ಮೂರ ಮೂಲೆ ಮನೆಗಳು ನಿನಗೆ ಗೊತ್ತಲ್ಲ, ಮುಂಬಾಗಿಲು ಒಂದು ಓಣಿಗೆ, ಹಿತ್ತಲ ಬಾಗಿಲು ಇನ್ನೊಂದಕ್ಕೆ. ಹಳೆಯ ಚೇರಮನ್ನರು ಎಂದು ನಮ್ಮ ರಾಮಲಿಂಗಪ್ಪ ಕಾಕಾನನ್ನು ಕೇಳಿದರು. ಕಾಕಾ ನನ್ನನ್ನು ಕರೆದು ಕೂಡಿಸಿದ. ಆಗ ನನಗೊಂದು ಉಪಾಯ ಹೊಳೆಯಿತು ನೋಡು. "ಸಾಹೇಬ್ರ, ಹೋಳಿಹುಣ್ಣಿಮಿಗೆ ಯಾವ ಕಾಮಣ್ಣನ್ನ ಸುಡಾಕ ಸಗಣಿ ಕುಳ್ಳ ಕೊಡತೀರಿ ಅಂತ ಮನಿ ಮನಿಗೆ ಕೇಳ್ರಿ. ಯಾವ ಓಣಿ ಕಾಮಣ್ಣಗ ಕುಳ್ಳ ಹೋಗತಾವೋ ಆ ಮನಿ ಆ ಓಣಿದು" ಅಂದೆ. ಗುಮಾಸ್ತ ಮೊದಲು ನಕ್ಕ. ಆಮೇಲೆ ಎದ್ದು ನನ್ನ ಬೆನ್ನು ತಟ್ಟಿದ. ಗೌಡರ ಓಣಿ, ಮಠದ ಓಣಿ, ಕುಂಬಾರ ಓಣಿ, ಮೂರಕ್ಕೂ ಬೇರೆ ಬೇರೆ ಕಾಮಣ್ಣ, ಜಗಳಕ್ಕೆ ಜಾಗವೇ ಇಲ್ಲ. ಬೀರಪ್ಪ ಮಾತ್ರ ತಾನು ಎರಡು ಕಾಮಣ್ಣಗಳಿಗೂ ಕೊಡುತ್ತೇನೆಂದು ದೊಡ್ಡಸ್ತಿಕೆ ಹೇಳಿದ. "ಒಂದಕ್ಕೂ ಕೊಡಂಗಿಲ್ರಿ, ಹುಡುಗ್ರು ಕದ್ದ ಒಯ್ತಾರ" ಎಂದು ಅವನ ಹೆಂಡತಿ ಒಳಗಿನಿಂದ ಕೂಗಿದಳು.

ಸೀತಕ್ಕ ಈ ಸಲ ಚುನಾವಣೆಗೆ ನಿಲ್ಲುತ್ತಾಳಂತೆ. ಊರಿಗೆ ಊರೇ ಹೆದರಿದೆ. ನಾನು ಹೆಚ್ಚು ಹೆದರಿದ್ದೇನೆ, ನನ್ನ ತಕ್ಕಡಿಯ ಮೇಲೆ ಅವಳಿಗೆ ಮೊದಲಿನಿಂದಲೂ ಕಣ್ಣು.

ನಿನ್ನ
ಶ್ರೀಶೈಲ


ರಾಮದುರ್ಗ
19-10-1999

ಶ್ರೀಶೈಲ,

ಈ ಕಾಗದದ ಮೂಲೆಯಲ್ಲಿ ಕಾಣುವುದು ಅರಿಷಿಣವಲ್ಲ, ನೂಲಿನ ಬಣ್ಣ. ಶುಭಪತ್ರ ಎಂದು ತಿಳಿದು ಅಪ್ಪನನ್ನು ಸುಮ್ಮನೆ ಖುಷಿಪಡಿಸಬೇಡ. ಸೀರೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ಬಣ್ಣ ಹೋಗದೆ ಏನು ಮಾಡುತ್ತದೆ ಎಂದು ಅಕ್ಕನಿಗೆ ಹೇಳು.

ಅಕ್ಕ ನಿಲ್ಲುತ್ತಾಳೆಂದು ಓದಿ ಕೆಲಸ ಬಿಟ್ಟು ಒಂದು ಚಹಾ ಕುಡಿದು ಬಂದೆ. ಹೋದ ಸಲ ನಮ್ಮ ಕೇರಿ ಪೂರ್ತಿಯಾಗಿ ಒಂದೇ ವಾರ್ಡಿನಲ್ಲಿತ್ತು. ಕೇರಿಯವರೇ ಕೂತು ಮಾತಾಡಿ ತಮಗೆ ಬೇಕಾದವನನ್ನು ಆರಿಸಿದರು, ಬೋರಿನ ಪಂಪು ಬಂತು. ಈ ಸಲ ನಲ್ಲಿ ಬರಬೇಕು. ಪೈಪು ಮಠದ ಓಣಿಯ ಬಾಯಿಗೆ ಬಂದು ನಿಂತು ಎಷ್ಟು ವರ್ಷವಾಯಿತು ಹೇಳು. ಅಲ್ಲಿಂದ ನಮ್ಮ ಕೇರಿಗೆ ಒಂದು ಕೂಗಿನ ದೂರ. ಅಕ್ಕ ಪಂಚಾಯತಿಯಲ್ಲಿ ಕೂತರೆ ಆ ಪೈಪನ್ನು ಕೈಯಿಂದಲಾದರೂ ಎಳೆದು ತರುತ್ತಾಳೆ. ಕೇರಿ ಒಟ್ಟಿಗಿದ್ದರೆ ಅವಳನ್ನು ಸೋಲಿಸುವವರು ಯಾರೂ ಇಲ್ಲ.

ನಿನ್ನ ಕಾಮಣ್ಣನ ಉಪಾಯ ಚೆನ್ನಾಗಿದೆ. ಚಿಕ್ಕಂದಿನಲ್ಲಿ ಮೂರೂ ಓಣಿಯ ಕುಳ್ಳು ಕದ್ದವನಿಗಲ್ಲದೆ ಇನ್ನು ಯಾರಿಗೆ ಹೊಳೆಯಬೇಕು! ಆದರೆ ಎಲ್ಲ ಓಣಿಗಳ ಕಥೆ ಬರೆದು ನಮ್ಮ ಕೇರಿಯ ಮಾತನ್ನೇ ಎತ್ತಿಲ್ಲ ನೀನು. ನಾವು ಯಾವ ಕಾಮಣ್ಣನಿಗೂ ಕುಳ್ಳು ಕೊಡುವವರಲ್ಲ. ಬೆಂಕಿ ಕೊಡುವವರು. ಮೂರು ಓಣಿಯವರೂ ಹಲಗೆ ಬಾರಿಸುತ್ತ ನಮ್ಮ ಮನೆಗೆ ಬಂದು, ಅಪ್ಪನ ಒಲೆಯ ಕೆಂಡ ಒಯ್ದು ತಮ್ಮ ತಮ್ಮ ಕಾಮಣ್ಣನನ್ನು ಸುಡುತ್ತಾರೆ. ಇದನ್ನು ಬಿಟ್ಟುಬಿಡು ಎಂದು ನಾನು ಬೌದ್ಧನಾದ ವರ್ಷದಿಂದ ಅಪ್ಪನಿಗೆ ಹೇಳುತ್ತಿದ್ದೇನೆ, ಕೇಳುವುದಿಲ್ಲ. ಹಾಗಾದರೆ ನಮ್ಮದು ಯಾವ ವಾರ್ಡಾಯಿತು? ಬೇಗ ಬರೆ.

ಪರಶು


ಸವಳಹಾಳ
12-11-1999

ಪ್ರಿಯ ಪರಶು,

ಉತ್ತರ ತಡವಾಯಿತು. ದೀಪಾವಳಿ, ಅಂಗಡಿಯ ಪೂಜೆ, ನಡುವೆ ಅವ್ವನಿಗೆ ಜ್ವರ. ಪೂಜೆಯ ದಿನ ಅಜ್ಜ ಬಂದು ಕರ್ಚೀಕಾಯಿ ಕಟ್ಟಿಸಿಕೊಂಡು ಹೋದ. ಈ ಸಲ ಜೋಳ ಚೆನ್ನಾಗಿ ಎದ್ದಿದೆ. ನನಗೆ ಹೊಸದಾಗಿ ಕನ್ನಡಕ ಬಂದಿದೆ. ನೋಡಿದರೆ ನೀನು ನಗುತ್ತೀ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಕೇರಿಯನ್ನು ಮೂರು ವಾರ್ಡಿಗೂ ಹಂಚಿದ್ದಾರೆ. ಗೌಡರ ದನದ ಮನೆಯ ಬದಿಗಿರುವ ಸಾಲು ಒಂದನೆಯದಕ್ಕೆ, ನಡುವಿನದು ಮಠದ ಓಣಿಗೆ, ಹಳ್ಳದ ಕಡೆಯದು ಕುಂಬಾರ ಓಣಿಗೆ. ಗುಮಾಸ್ತ ಕೇರಿಗೆ ಬಂದಾಗ ಯಾವ ಓಣಿಗೆ ಸೇರಿದವರು ಎಂಬ ಮಾತು ಬಂತು. ನಿಮ್ಮ ಅಪ್ಪ ಎದೆ ಎತ್ತಿ ಅಂದ: "ಯಾವ ಓಣಿ ಅಂದ್ರ ಏನ್ರಿ ಸಾಹೇಬ್ರ? ಮೂರೂ ಓಣಿ ನಮ್ಮವ. ನಮ್ಮ ಮನಿ ಬೆಂಕಿ ಇಲ್ಲದ ಯಾವ ಕಾಮಣ್ಣ ಸುಟ್ಟಾನ ಈ ಊರಾಗ?" ಗುಮಾಸ್ತ ಅದನ್ನು ಹಾಗೆಯೇ ಬರೆದುಕೊಂಡ. ಮೂರೂ ವಾರ್ಡಿನ ತಲೆ ಸರಿಸಮ ಮಾಡಲಿಕ್ಕೆ ಅವನಿಗೂ ಅದು ಅನುಕೂಲವಾಯಿತು. "ಅವರ ಹಿರೇರ ಅಂದಮ್ಯಾಲ ನಮ್ದೇನೈತಿ?" ಎಂದ ಕಾಕಾ. ಅಷ್ಟೇ ನಡೆದದ್ದು. ನಾನು ಏನು ಮಾಡಲಿಕ್ಕಾಗುತ್ತಿತ್ತು ಹೇಳು.

ನಿಮ್ಮ ಮಂದಿಗೆ ಮೀಸಲಾದ ಹೆಣ್ಣುಮಕ್ಕಳ ಸೀಟು ಎಲ್ಲೂ ಹೋಗಿಲ್ಲ. ಒಂದನೆಯ ವಾರ್ಡಿಗೆ, ಅಂದರೆ ನಮ್ಮ ಗೌಡರ ಓಣಿಗೆ ಬಂದಿದೆ. ಸೀತಕ್ಕ ಅಲ್ಲಿ ನಿಲ್ಲಬಹುದು. ತಕರಾರು ಇದ್ದವರು ಈ ತಿಂಗಳ ಮೂವತ್ತರೊಳಗೆ ಅರ್ಜಿ ಕೊಡಬಹುದಂತೆ.

ಶ್ರೀಶೈಲ


ರಾಮದುರ್ಗ
18-11-1999

ಶ್ರೀಶೈಲ,

ಜೋಳ, ಕರ್ಚೀಕಾಯಿ, ಕನ್ನಡಕ ಎಲ್ಲ ದಾಟಿ ಬಂದ ಮೇಲೆ ಈ ಸುದ್ದಿ ಸಿಕ್ಕಿತು.

ಸೀಟು ಹೋಗಿಲ್ಲ ಎಂದು ನೀನು ಹೇಗೆ ಬರೆದೆ? ನಮ್ಮ ಕೇರಿಯಲ್ಲಿ ನೂರಾ ಎಂಬತ್ತು ಓಟಿವೆ. ಒಂದೇ ಕಡೆ ಇದ್ದರೆ ಅದು ಒಂದು ಕೇರಿ, ಕೇಳಿದವರು ತಿರುಗಿ ನೋಡುತ್ತಾರೆ. ಅರವತ್ತು ಅರವತ್ತು ಮಾಡಿ ಮೂರು ಕಡೆ ಇಟ್ಟರೆ ಅದು ಎಲೆಯ ತುದಿಯ ಉಪ್ಪಿನಕಾಯಿ. ಮೀಸಲು ಸೀಟಿನಲ್ಲಿ ಕೂಡುವವಳು ನಮ್ಮವಳೇ ಇರುತ್ತಾಳೆ, ಯಾರು ಕೂಡಬೇಕೆಂದು ಹೇಳುವವರು ಮಾತ್ರ ನಿಮ್ಮ ಓಣಿಯವರು. ಅವರು ಅಕ್ಕನನ್ನು ಆರಿಸುತ್ತಾರೆಯೇ? ತಮ್ಮ ದನದ ಮನೆಯಲ್ಲಿ ಸಗಣಿ ಬಾಚುವವಳನ್ನು ಕರೆತಂದು ನಿಲ್ಲಿಸುತ್ತಾರೆ, ನೋಡುತ್ತಿರು.

ಇದರ ಜೊತೆ ಅರ್ಜಿ ಬರೆದು ಇಟ್ಟಿದ್ದೇನೆ. ಕೇರಿಯವರ ಹೆಬ್ಬೆಟ್ಟು ಹಾಕಿಸಿ ಮೂವತ್ತರೊಳಗೆ ಕಚೇರಿಗೆ ಮುಟ್ಟಿಸು. ಇಲ್ಲಿ ಸಂಕ್ರಾಂತಿ ಹಬ್ಬದ ಮಾಲು ಹಿಂದೆ ಬಿದ್ದಿದೆ, ನನಗೆ ರಜೆ ಕೊಡುತ್ತಿಲ್ಲ. ನಿನ್ನನ್ನು ಬಿಟ್ಟರೆ ಅಲ್ಲಿ ನನಗೆ ಯಾರಿದ್ದಾರೆ? ಒಂದು ದಿನ ಅಂಗಡಿ ಮುಚ್ಚಿದರೂ ಚಿಂತೆ ಇಲ್ಲ, ನೀನೇ ಹೋಗು.

ಇನ್ನೊಂದು ಹಾಳೆ ಅಪ್ಪನಿಗೆ. ಇದ್ದದ್ದನ್ನು ಇದ್ದ ಹಾಗೆ ಓದು. ಮೆತ್ತಗೆ ಮಾಡಬೇಡ.

ಪರಶು

(ಅಪ್ಪನಿಗೆ)

ಅಪ್ಪಾ,

ಬೆಂಕಿ ಕೊಡುವುದನ್ನು ಬಿಡು ಎಂದು ಎಷ್ಟು ಸಲ ಹೇಳಿದೆ. ಹಲಗೆ ಬಾರಿಸುತ್ತ ಬಾಗಿಲಿಗೆ ಬರುತ್ತಾರೆ, ಅದು ಮರ್ಯಾದೆ ಎಂದು ನೀನು ತಿಳಿದೆ. ಕೆಂಡ ಒಯ್ದವರು ಮರುದಿನ ನಿನ್ನನ್ನು ಕಟ್ಟೆಯ ಮೇಲೆ ಕೂಡಿಸುತ್ತಾರೇನು? ಮೂರೂ ಓಣಿ ನಮ್ಮವು ಎಂದೆಯಂತೆ. ಯಾವ ಓಣಿಯಲ್ಲಿ ನಿನಗೆ ಒಂದು ಕೊಡ ನೀರು ಸಿಗುತ್ತದೆ? ಕೆಂಡಕ್ಕೆಂದು ಅವರು ಕೊಡುವ ಒಂದು ಬಟ್ಟಲು ಕೊಬ್ಬರಿಗೆ ಕೇರಿಯನ್ನು ಮೂರು ತುಂಡು ಮಾಡಿ ಅವರ ಕೈಗಿಟ್ಟೆ. ಅಕ್ಕ ಸೋತರೆ ನಿನ್ನ ಬಾಯಿಂದ ಸೋತಳು ಎಂದು ತಿಳಿ. ನಿನ್ನ ಮಗ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.


ಸವಳಹಾಳ
9-12-1999

ಪ್ರಿಯ ಪರಶು,

ಹೆಬ್ಬೆಟ್ಟು ಹಾಕಿಸಿದ್ದಾಯಿತು. ಕೇರಿಯವರೆಲ್ಲ ಬಂದಿದ್ದರು. ಅದೇ ವಾರ ಸಂಗೊಳ್ಳಿಯಿಂದ ನನ್ನ ತಂಗಿಯನ್ನು ನೋಡಲು ಬರುವವರಿದ್ದರು, ಅಂಗಡಿ ಬಿಟ್ಟು ಹೋಗಲಾಗಲಿಲ್ಲ. ತಾಲೂಕಿಗೆ ಹೊರಟವರ ಕೈಯಲ್ಲಿ ಅರ್ಜಿ ಕೊಟ್ಟು ಕಳಿಸಿದ್ದೇನೆ. ನೀನು ಚಿಂತೆ ಮಾಡಬೇಡ.

ಅಜ್ಜನಿಗೆ ಬರೆದದ್ದನ್ನು ಓದಿದೆ. ಪರಶು, ಅದನ್ನು ಓದಿ ಹೇಳುವ ಕೆಲಸವನ್ನು ನನಗೆ ಕೊಡಬಾರದಿತ್ತು. ನಡುವೆ ಒಂದೆರಡು ಕಡೆ ನಿಂತೆ. "ಓದಪಾ, ಮುಂದ ಓದು" ಎಂದ. ಕೊನೆಯ ಸಾಲನ್ನು ಇನ್ನೊಮ್ಮೆ ಓದಲು ಹೇಳಿದ. ಓದಿದೆ. ಒಂದು ಗಳಿಗೆ ನನ್ನ ಮುಖ ನೋಡಿ, "ಮತ್ತೇನರ ಹೇಳೂದು ಐತೇನಪಾ?" ಎಂದ. ಏನೋ ಮುಚ್ಚಿಟ್ಟಿದ್ದೇನೆ ಎಂದು ಸಂಶಯ ಬಂದಿರಬೇಕು. ಹಾಳೆ ತಿರುಗಿಸಿ ಹಿಂದೆ ಖಾಲಿ ಇರುವುದನ್ನು ತೋರಿಸಿದೆ. "ಇಷ್ಟ ಅಜ್ಜಾ" ಅಂದೆ. ಹಾಳೆಯನ್ನು ಇಸಿದುಕೊಂಡು ಮಡಚಿ ಅಂಗಿಯ ಒಳಗೆ ಇಟ್ಟುಕೊಂಡು ಹೋದ. ಸೀತಕ್ಕ ಆ ದಿನ ಸಾಮಾನು ಕೊಳ್ಳಲಿಲ್ಲ.

ಮುದುಕನ ಮೇಲೆ ಇಷ್ಟು ಸಿಟ್ಟು ಒಳ್ಳೆಯದಲ್ಲ. ಗೊತ್ತಿಲ್ಲದೆ ಆಡಿದ ಮಾತು ಅದು.

ಶ್ರೀಶೈಲ


ರಾಮದುರ್ಗ
4-3-2000

ಶ್ರೀಶೈಲ,

ಅಕ್ಕ ಸೋತ ಸುದ್ದಿ ನಿನ್ನಿಂದ ಬರಲಿಲ್ಲ, ಸವದತ್ತಿಯ ಸಂತೆಯಲ್ಲಿ ನಮ್ಮೂರವರೊಬ್ಬರು ಸಿಕ್ಕು ಹೇಳಿದರು. ಕಾಕಾನ ದನದ ಮನೆಯ ಶಟ್ಟೆವ್ವ ಗೆದ್ದಳಂತೆ. ಒಂದನೆಯ ವಾರ್ಡಿನಲ್ಲಿದ್ದ ಕೇರಿಯ ಸಾಲು ಪೂರ್ತಿ ಅಕ್ಕನಿಗೆ ಹಾಕಿದೆ. ನಿಮ್ಮ ಓಣಿ ಪೂರ್ತಿ ಶಟ್ಟೆವ್ವನಿಗೆ ಹಾಕಿದೆ. ಶಟ್ಟೆವ್ವನ ಗಂಡ, ಮೈದುನ, ಸ್ವಂತ ತಂಗಿ ಎಲ್ಲರೂ ಅಕ್ಕನಿಗೇ ಹಾಕಿದ್ದೇವೆ ಎಂದು ಹೇಳಿ ಅತ್ತರಂತೆ. ನಮ್ಮವರು ಬೇಡವೆಂದವಳು ನಮ್ಮವರ ಹೆಸರಿನಲ್ಲಿ ಕೂತಿದ್ದಾಳೆ. ಅವಳನ್ನು ಬಯ್ಯುವಂತೆಯೂ ಇಲ್ಲ, ಹೊಟ್ಟೆಪಾಡು.

ಸಂಬಳ ಕಡಿತ ಮಾಡಿಸಿಕೊಂಡು ಒಂದು ದಿನ ಕಚೇರಿಗೆ ಹೋಗಿ ಕೇಳಿ ಬಂದೆ. ಸವಳಹಾಳದಿಂದ ತಕರಾರು ಅರ್ಜಿ ಬಂದೇ ಇಲ್ಲ. ಬೇರೆ ಊರುಗಳಿಂದ ಬಂದದ್ದನ್ನು ತೋರಿಸಿದರು. ಅದರಲ್ಲಿ ಎರಡು ಊರುಗಳ ವಾರ್ಡಿನ ಗೆರೆಯನ್ನು ಸರಿ ಮಾಡಿಯೂ ಕೊಟ್ಟಿದ್ದಾರೆ.

ಯಾರ ಕೈಯಲ್ಲಿ ಕೊಟ್ಟಿದ್ದೆ?

ಹೋಳಿಗೆ ಊರಿಗೆ ಬರುತ್ತೇನೆ. ಅಪ್ಪನೊಂದಿಗೂ ಮಾತಾಡುವುದಿದೆ.

ಪರಶು


ಸವಳಹಾಳ
30-3-2000

ಪ್ರಿಯ ಪರಶು,

ನೀನು ಹೋಳಿಗೆ ಬಂದೆ, ಎರಡು ದಿನ ಇದ್ದೆ, ನನ್ನ ಅಂಗಡಿಯ ಮುಂದೆಯೇ ಬಸ್ ಹತ್ತಿದೆ. ಒಂದು ಸಲವೂ ಈ ಕಡೆ ನೋಡಲಿಲ್ಲ. ನಾನು ಚಹಾ ಇಟ್ಟುಕೊಂಡು ಕುಳಿತಿದ್ದೆ.

ಕೇಳಿದ್ದಕ್ಕೆ ಉತ್ತರ ಕೊಡಬೇಕು. ಅರ್ಜಿಯನ್ನು ರಾಮಲಿಂಗಪ್ಪ ಕಾಕಾನ ಕೈಯಲ್ಲಿ ಕೊಟ್ಟಿದ್ದೆ. ಅದು ಅವನ ಕೋಟಿನ ಕಿಸೆಯಲ್ಲೇ ಉಳಿಯಿತಂತೆ. ಮರೆತೆ ಅನ್ನುತ್ತಾನೆ. ನಾನು ನಂಬಿದೆನೋ ಇಲ್ಲವೋ ಎಂದು ನೀನು ಕೇಳುತ್ತೀ. ಮನೆಯ ಹಿರಿಯ, "ಇತ್ತ ಕೊಡು, ನಾ ಹೊಂಟೇನಿ" ಎಂದು ಕೈ ಚಾಚಿದ. ಇಲ್ಲ ಅನ್ನದೆ ಕೊಟ್ಟುಬಿಟ್ಟೆ. ನನಗೆ ನಾಚಿಕೆಯಾಗಿದೆ ಪರಶು. ಪಂಚಾಯತಿಯ ಮೊದಲ ಸಭೆಯಲ್ಲಿ ಶಟ್ಟೆವ್ವ ಕುರ್ಚಿಯ ಮೇಲೆ ಕೂಡಲಿಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಕಾಕಾ ಅವಳ ಹೆಬ್ಬೆರಳು ಹಿಡಿದು ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿಸಿದ. ನಾನು ಚಹಾ ಕೊಡಲು ಹೋಗಿದ್ದೆ. ತಲೆ ಎತ್ತಲಾಗಲಿಲ್ಲ.

ಕಾಮಣ್ಣನ ದಿನ ನಿಮ್ಮ ಬಾಗಿಲಿಗೆ ಬಂದ ಗುಂಪಿನಲ್ಲಿ ನಾನೂ ಇದ್ದೆ. ನೀನು ಒಳಗೆ ಇದ್ದೆ, ನಿನ್ನ ಕೆಮ್ಮು ಕೇಳಿಸಿತು. ಪ್ರತಿ ವರ್ಷ ಅಜ್ಜ ಗೌಡರ ಓಣಿಯ ಕೆಂಡವನ್ನು ಕಾಕಾನಿಗೆ ಕೊಡುತ್ತಿದ್ದ. ಈ ವರ್ಷ ನನ್ನನ್ನು ಕರೆದು ನನ್ನ ಕೈಯ ಮಡಕೆಗೆ ಹಾಕಿದ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ ಎಂದು ಅದರಿಂದ ತಿಳಿದು ಎಷ್ಟೋ ಹಗುರವಾಯಿತು.

ಅಪ್ಪ ಮಗ ಮಾತಾಡಿದಿರೆಂದು ಕೇಳಿದೆ. ಒಳ್ಳೆಯದಾಯಿತು.

ಶ್ರೀಶೈಲ


ಸವಳಹಾಳ
16-1-2002

ಪ್ರಿಯ ಪರಶು,

ಇದು ನಾನು ಬರೆಯುತ್ತಿರುವ ಎಷ್ಟನೆಯ ಕಾಗದವೋ. ನೀನು ಉತ್ತರ ಕೊಡುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಸಂಕ್ರಾಂತಿಯ ಎಳ್ಳು ಕಳಿಸಿದ್ದೇನೆ, ಅದನ್ನಾದರೂ ತಿನ್ನು.

ನಿನ್ನ ಕಾಗದಗಳು ಅಜ್ಜನಿಗೆ ತಪ್ಪದೆ ಬರುತ್ತವೆ. ನಾನೇ ಓದುತ್ತೇನೆ. ತುದಿಗೆ ನನಗೆಂದು ಇರುತ್ತಿದ್ದ ಸಾಲು ಈಗ ಇರುವುದಿಲ್ಲ. ಆ ಜಾಗದಲ್ಲಿ "ಊರಲ್ಲಿ ಏನಾದರೂ ವಿಶೇಷ ಇದ್ದರೆ ಬರೆಸು" ಎಂದಿರುತ್ತದೆ, ಪ್ರತಿ ಕಾಗದದಲ್ಲೂ ಅದೇ. ಅಜ್ಜನಿಗೆ ವಯಸ್ಸಾಯಿತು ಪರಶು, ಮರೆವು ಬಂದ ಹಾಗೆ ಕಾಣುತ್ತದೆ. ಓದಿ ಮುಗಿಸಿದ ಮೇಲೆ ಏಳುವುದೇ ಇಲ್ಲ. "ಮತ್ತೇನರ ಹೇಳೂದು ಐತೇನಪಾ?" ಎಂದು ಪ್ರತಿ ಸಲವೂ ಕೇಳುತ್ತಾನೆ. "ಇಲ್ಲಜ್ಜಾ, ಕಾಗದ ಮುಗೀತು" ಎನ್ನುತ್ತೇನೆ. "ಹಂಗಾದ್ರ ವಿಶೇಷ ಏನೂ ಇಲ್ಲ ಅಂತ ಬರಿ" ಎಂದು ಕೋಲು ಊರಿಕೊಂಡು ಎದ್ದು ಹೋಗುತ್ತಾನೆ. ನಿನಗೆ ಬರುವ ಉತ್ತರಗಳೆಲ್ಲ ಒಂದೇ ರೀತಿ ಇದ್ದರೆ ನನ್ನ ತಪ್ಪಲ್ಲ, ಅವನು ಹೇಳಿದ್ದನ್ನೇ ಬರೆಯುತ್ತೇನೆ. ಕೆಲವು ಸಲ ಅವನು ಕಾಣಿಸಿದರೆ ಒಳಗೆ ಹೋಗಿ ಮೂಟೆ ಸರಿಸುತ್ತ ನಿಲ್ಲುತ್ತೇನೆ. ಯಾಕೆಂದು ಕೇಳಬೇಡ.

ಸೀತಕ್ಕ ಸಾಕ್ಷರತೆಯ ಶಾಲೆಗೆ ಹೋಗುತ್ತಿದ್ದಾಳೆ. ಅಂಗಡಿಗೆ ಬಂದರೆ ಸಾಬೂನಿನ ಹೆಸರು, ಬೆಂಕಿಪೆಟ್ಟಿಗೆಯ ಹೆಸರು ಗಟ್ಟಿಯಾಗಿ ಓದಿ, "ಬರೋಬ್ಬರಿ ಐತಿಲ್ಲ ಶ್ರೀಶೈಲಪ್ಪ?" ಎಂದು ಕೇಳುತ್ತಾಳೆ. ಬರೋಬ್ಬರಿ ಇರುತ್ತದೆ. ಪೈಪು ಇನ್ನೂ ಮಠದ ಓಣಿಯನ್ನು ದಾಟಿಲ್ಲ.

ಶ್ರೀಶೈಲ


ಸವಳಹಾಳ
24-11-2004

ಪ್ರಿಯ ಪರಶು,

ಅಜ್ಜನ ಮಣ್ಣಿಗೆ ನಾನೂ ಬಂದಿದ್ದೆ. ಬೇಲಿಯ ಹತ್ತಿರ ನಿಂತಿದ್ದೆ. ಹತ್ತಿರ ಬಂದು ಒಂದು ಹಿಡಿ ಮಣ್ಣು ಹಾಕಬೇಕೆಂದುಕೊಂಡೆ, ನೀನು ತಿರುಗಿ ನೋಡಿದೆ, ನಾನು ಬೇಲಿಯಿಂದಲೇ ಮನೆಗೆ ಬಂದುಬಿಟ್ಟೆ. ಅವನು ಹೋದ ಮೇಲೆ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಯಾರು ಕೂತರೂ ನನಗೆ ಸೇರುವುದಿಲ್ಲ. ನಿನ್ನೆ ಬೀರಪ್ಪ ಕೂತಿದ್ದ, ಸುಮ್ಮನೆ ಅವನ ಮೇಲೆ ರೇಗಿದೆ.

ಮತ್ತೆ ವಾರ್ಡು ಮಾಡಲು ಶುರುಮಾಡಿದ್ದಾರೆ. ಈ ಸಲ ಬೇರೆ ಗುಮಾಸ್ತ. ನಾನು ಗಟ್ಟಿ ಮನಸ್ಸು ಮಾಡಿದ್ದೇನೆ. ಕೇರಿಯನ್ನು ಒಂದೇ ವಾರ್ಡಿಗೆ ಹಾಕಬೇಕು ಎಂದು ಕಾಕಾನ ಮುಂದೆಯೇ ಹೇಳುವವನಿದ್ದೇನೆ. ಸಮಯ ನೋಡುತ್ತಿದ್ದೇನೆ. ಕಾಕಾನಿಗೆ ಈಚೆಗೆ ಮೈಯಲ್ಲಿ ಆರಾಮಿಲ್ಲ, ಹಾಗಾಗಿ ಸ್ವಲ್ಪ ತಡ. ಅರ್ಜಿ ಏನಾದರೂ ಇದ್ದರೆ ಕಳಿಸು, ಈ ಸಲ ನಾನೇ ಒಯ್ದು ಕೊಡುತ್ತೇನೆ. ಅಜ್ಜನ ಹೆಸರಿನಲ್ಲಿ ಇಷ್ಟಾದರೂ ಮಾಡದಿದ್ದರೆ ನನ್ನ ಮುಖವನ್ನು ನಾನೇ ನೋಡಲಾರೆ.

ನಿನ್ನ ಹತ್ತಿರ ಒಂದು ಮಾತು ಹೇಳುವುದಿದೆ. ಆ ದಿನ ಕೇರಿಯಲ್ಲಿ ನಡೆದದ್ದರ ಬಗ್ಗೆ. ಕಾಗದದಲ್ಲಿ ಬರೆಯುವಂಥದ್ದಲ್ಲ. ನೀನು ಯಾವಾಗ ಬರುತ್ತೀ ತಿಳಿಸು, ಮುಖತಃ ಹೇಳುತ್ತೇನೆ.

ನಿನ್ನ
ಶ್ರೀಶೈಲ


ರಾಮದುರ್ಗ
9-12-2004

ಶ್ರೀಶೈಲ,

ವಾರ್ಡಿನ ಮಾತನ್ನು ಮೊದಲು ಮುಗಿಸುತ್ತೇನೆ. ಅಕ್ಕ ತಾನೇ ಅರ್ಜಿ ಬರೆದಳು. ಕೇರಿಯ ಹೆಂಗಸರನ್ನು ಕರೆದುಕೊಂಡು ಕಚೇರಿಗೆ ಹೋಗಿ, ಕೊಟ್ಟು, ಮುಟ್ಟಿದ್ದಕ್ಕೆ ಕಚೇರಿಯ ಸಿಕ್ಕಾ ಹೊಡೆಸಿಕೊಂಡು ಬಂದಳು. ಗುಂಪಿನಲ್ಲಿ ಶಟ್ಟೆವ್ವನೂ ಇದ್ದಳು. ಕೇರಿ ಒಂದೇ ವಾರ್ಡಾಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ನೀನು ಕಾಕಾನ ಮುಂದೆ ಬಾಯಿ ತೆರೆಯುವ ತೊಂದರೆ ತೆಗೆದುಕೊಳ್ಳಬೇಡ. ಮನೆಗೆ ಬರೆಯುವ ಕಾಗದವನ್ನು ಇನ್ನು ಅಕ್ಕನ ಹೆಸರಿಗೆ ಬರೆಯುತ್ತೇನೆ. ಟಪಾಲಿನವನು ಅಂಗಡಿಯಲ್ಲಿ ಇಟ್ಟು ಹೋದರೆ ಒಡೆಯದೆ ಅವಳ ಕೈಗೆ ಕೊಡು.

ಮುಖತಃ ಹೇಳಬೇಕಾದ ಮಾತು ನನಗೆ ಗೊತ್ತು. ಆ ಹೋಳಿಯಿಂದ ಗೊತ್ತು. ಅಪ್ಪನ ಜೊತೆ ಜಗಳ ತೆಗೆಯಬೇಕೆಂದೇ ಬಂದಿದ್ದೆ. ಅವನು ಸುಮ್ಮನೆ ಕೇಳಿಸಿಕೊಂಡ. ತಡೆಯಲಾರದೆ ಅಕ್ಕ ಅಂದಳು: "ಅಪ್ಪಗ ಯಾಕ ಬೈತಿ? ಕೇಳಿದಾಂವ ಶ್ರೀಶೈಲ. ಗುಮಾಸ್ತ ಯಾವ ಓಣಿ ಅಂದಾಗ ಅಪ್ಪ ಕುಂಬಾರ ಓಣಿ ಅಂತನ ಅಂದಿದ್ದ. ಕಾಕಾ ಶ್ರೀಶೈಲನ ಕಿವಿಯಾಗ ಏನೋ ಅಂದ. ಆಮ್ಯಾಲ ಇಂವ ಮುಂದ ಬಂದು, 'ಅಜ್ಜಾ, ನಿಮ್ಮ ಬೆಂಕಿ ಯಾವ ಓಣಿಗೆ ಹೋಗತೈತಿ ಹೇಳ್ರಲಾ' ಅಂದ." ಅಪ್ಪ ಏನು ಹೇಳುತ್ತಾನೆ ಎಂದು ನಿನಗೆ ಗೊತ್ತಿತ್ತು. ಅವನ ಹೆಮ್ಮೆ ಯಾವುದು ಎಂದು ಊರಿನಲ್ಲಿ ನಿನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ನಮ್ಮ ಮನೆಯ ಒಲೆಯ ಮುಂದೆ ಕೂತು ಬೆಳೆದವನು ನೀನು.

ಆ ಗಳಿಗೆಗೇ ನಿನ್ನ ಅಂಗಡಿಗೆ ಬರಲು ಎದ್ದೆ. ಅಪ್ಪ ಕೈ ಹಿಡಿದ. "ಹೋಗಬ್ಯಾಡ. ಅಂವ ನಮ್ಮ ಹುಡುಗ. ತಾನಾಗಿ ಹೇಳತಾನ. ಕೇಳಿ ಹೇಳಿಸಿದ್ರ ಅದು ಹೇಳಿಧಂಗ ಆಗೂದಿಲ್ಲ" ಎಂದ. ಮರುದಿನ ಕೆಂಡವನ್ನು ನಿನ್ನ ಕೈಗೆ ಕೊಟ್ಟದ್ದು ಅದಕ್ಕೇ. ಪ್ರತಿ ಕಾಗದದ ತುದಿಗೆ ವಿಶೇಷ ಏನು ಎಂದು ನಾನು ಬರೆಯುತ್ತಿದ್ದದ್ದೂ ಅದಕ್ಕೇ. ಕಾಗದ ಓದಿ ಮುಗಿದ ಮೇಲೆ ಅವನು ನಿನ್ನನ್ನು ಕೇಳುತ್ತಿದ್ದದ್ದು ನನ್ನ ಕಾಗದದ ಬಗ್ಗೆ ಅಲ್ಲ. ನೀನು ಅವನಿಗೆ ಮರೆವು ಎಂದು ಬರೆದೆ. ಅವನಿಗೆ ಯಾವ ಮರೆವೂ ಇರಲಿಲ್ಲ.

ನನಗೂ ನಾಚಿಕೆ ಇದೆ. ನಾನು ಬರೆದ ಆ ಹಾಳೆಯನ್ನು ಅವನು ಕೊನೆಯವರೆಗೂ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಕಾಲು ಹಿಡಿದು ಕೇಳಿಕೊಂಡರೂ ಹರಿಯಲು ಕೊಡಲಿಲ್ಲ. "ಇರಲಿ ಬಿಡೋ, ನನ್ನ ಮಗ ಬರದದ್ದು" ಎಂದು ನಕ್ಕ. ಮಣ್ಣಿಗೆ ಒಯ್ಯುವಾಗ ಅಕ್ಕ ಅದನ್ನು ಹೊರಗೆ ತೆಗೆದು ಓದಿದಳು. ಈಗ ಅವಳಿಗೆ ಓದಲು ಬರುತ್ತದಲ್ಲ. ಓದಿ ನನ್ನ ಕಡೆ ನೋಡಿದಳು. ಅದನ್ನು ನಾನು ಅನುಭವಿಸುತ್ತೇನೆ, ಅದರಲ್ಲಿ ನಿನ್ನ ಪಾಲು ಕೇಳುವುದಿಲ್ಲ.

ಆದರೆ ಒಂದು ಮಾತು ನಿನಗೆ ಗೊತ್ತಿರಬೇಕು. ಹೋಗುವ ಹಿಂದಿನ ಸಂಜೆ ಅಪ್ಪ ನನ್ನನ್ನು ಹತ್ತಿರ ಕರೆದ. ಧ್ವನಿ ಬಹಳ ಸಣ್ಣಗಾಗಿತ್ತು. "ಶ್ರೀಶೈಲ ಏನರ ಅಂದನೇನು?" ಎಂದು ಕೇಳಿದ. ಐದು ವರ್ಷ ನಿನ್ನ ಅಂಗಡಿಯ ಮುಂದೆ ಕೂತು ಕಾದವನು, ಆಗಲೂ ಕೇಳಿದ.

"ಅಂದಾ ಅಪ್ಪಾ" ಅಂದೆ. "ಎಲ್ಲಾ ಬರದು ತಿಳಿಸ್ಯಾನ."

"ನಾ ಅಂದಿದ್ದಿಲ್ಲೇನು?" ಎಂದು ಕಣ್ಣು ಮುಚ್ಚಿದ. ಮುಖದ ಮೇಲೆ ಗೆಲುವು ಬಂದಿತ್ತು. ನಿದ್ದೆ ಹತ್ತಿತು. ಬೆಳಿಗ್ಗೆ ಏಳಲಿಲ್ಲ.

ನಾನು ಅಪ್ಪನಿಗೆ ಹೇಳಿದ ಸುಳ್ಳು ಅದೊಂದೇ. ನಿನ್ನ ಮಾನ ಉಳಿಸಲು ಹೇಳಿದ್ದಲ್ಲ. ನಿನ್ನನ್ನು ನಂಬಿ ಅವನು ತಪ್ಪು ಮಾಡಿದ ಎಂದು ಅವನಿಗೆ ಗೊತ್ತಾಗಬಾರದಿತ್ತು.

ಪರಶು